ಜೀವನ್ ಬಿಮಾ ನಗರದ ಛಾಯಾಪುರುಷ

ಜೀವನ್ ಬಿಮಾ ನಗರ, ಬೆಂಗಳೂರು
೧೮ ಡಿಸೆಂಬರ್ ೨೦೨೫

ಪ್ರೀತಿಯ ಅಮೃತಕ್ಕನಿಗೆ,

ನಿನ್ನ ತಂಗಿ ಸಂಗಮ್ಮನ ನಮಸ್ಕಾರಗಳು. ನಿನ್ನ ಕಾಗದ ದೀಪಾವಳಿಗೆ ಮೊದಲೇ ಬಂದಿತ್ತು. ಇಷ್ಟು ದಿನವಾದರೂ ಉತ್ತರವಿಲ್ಲವೆಂದು ಚನ್ನಗಿರಿಯಲ್ಲಿ ಕುಳಿತು ಬೈದುಕೊಂಡಿರುತ್ತೀಯ. ಬೈದುಕೋ, ನಿನಗೆ ಆ ಅಧಿಕಾರ ಇದೆ. ನಿನ್ನ ಕಿವಿ ಮಂದವಾದ ಮೇಲೆ ಫೋನಿನಲ್ಲಿ ಕೂಗಿ ಕೂಗಿ ನನಗೂ ಸಾಕಾಗಿದೆ. ಅಲ್ಲದೆ ಇದು ಕೂಗಿ ಹೇಳುವ ವಿಷಯವೂ ಅಲ್ಲ. ಬರೆಯೋಣವೆಂದು ಎಷ್ಟೋ ಸಲ ಕೂತೆ. ‘ನಾವೆಲ್ಲ ಆರೋಗ್ಯ’ ಎಂದು ಬರೆಯುವ ಹೊತ್ತಿಗೆ ಪೆನ್ನು ನಿಲ್ಲುತ್ತಿತ್ತು, ಎದ್ದು ಹೋಗಿ ಅಕ್ಕಿ ಆರಿಸುತ್ತಿದ್ದೆ.

ಮೊದಲು ಸಣ್ಣಪುಟ್ಟ ಸುದ್ದಿ. ಗುರುಕಿರಣ ಬೆಳಿಗ್ಗೆ ಆಫೀಸಿಗೆ ಹೊರಟರೆ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಕೆ.ಆರ್. ಪುರಂ ದಾಟುವಷ್ಟರಲ್ಲಿ ಅರ್ಧ ಜೀವ ಆಗಿರುತ್ತಾನೆ. ಸಂಜೆ ಅವನು ಮುಖ ಒರೆಸಿದ ಟವೆಲ್ಲು ಮಸಿಬಟ್ಟೆಗಿಂತ ಕಡೆ. ಸೊಸೆ ಶಿವಾನಿ ಮನೆಯಿಂದಲೇ ಕೆಲಸ ಮಾಡುತ್ತಾಳೆ, ಕಿಟಕಿ ತೆರೆದರೆ ಸಾಕು ನನ್ನ ಮೇಲೆ ಹಾರಿಬೀಳುತ್ತಾಳೆ. ಅವಳು ಹೇಳುವುದೂ ಸರಿಯೇ. ಮೊಮ್ಮಗಳು ಸೃಷ್ಟಿಗೆ ಈ ಸಲ ಚಳಿ ಶುರುವಾದಾಗಿನಿಂದ ಎದೆ ಕುಯ್‌ಗುಟ್ಟುತ್ತಿದೆ. ಮೂಗಿಗೆ ಮುಖವಾಡ ಕಟ್ಟಿಕೊಂಡು ಔಷಧದ ಹಬೆ ಎಳೆಯುತ್ತ, ಕಾಲು ಆಡಿಸುತ್ತ ಕಾರ್ಟೂನ್ ನೋಡುತ್ತಾಳೆ. ಮೂರನೇ ಕ್ಲಾಸಿನ ಮಗುವಿಗೆ ಇದು ಹಲ್ಲುಜ್ಜುವಷ್ಟು ಅಭ್ಯಾಸವಾಗಿಬಿಟ್ಟಿದೆ, ನನಗೆ ನೋಡಲು ಆಗುವುದಿಲ್ಲ. ಹಿಂದೆ ನೀನು ಬಂದಾಗ ನಮ್ಮ ತಾರಸಿಯ ಮೇಲೆ ಶಾವಿಗೆ ಒಣಗಿಸಿದ್ದೆಯಲ್ಲ, ಈಗ ಒಣಗಿಸಿದರೆ ಸಂಜೆಗೆ ಅದು ರಾಗಿ ಶಾವಿಗೆ ಆಗಿರುತ್ತದೆ.

ನೀನು ನೋಡಿದ್ದ ಬೆಂಗಳೂರಿನ ಚಳಿಗಾಲ ಇದಲ್ಲ ಅಕ್ಕ. ಆಗ ಮಂಜು ಬಿದ್ದರೆ ಬಿಸಿಲೇರುತ್ತಿದ್ದ ಹಾಗೆ ಕರಗುತ್ತಿತ್ತು. ಈಗ ಕವಿದದ್ದು ಕರಗುವುದಿಲ್ಲ. ಮಧ್ಯಾಹ್ನದವರೆಗೂ ಆಕಾಶಕ್ಕೆ ಗಂಜಿಯ ಬಣ್ಣ. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಹುದು, ಕಣ್ಣು ಕುಕ್ಕುವುದಿಲ್ಲ. ಹಳೇ ಏರ್‌ಪೋರ್ಟ್ ಕಡೆಯಿಂದ ಏಳುವ ಹೆಲಿಕಾಪ್ಟರಿನ ಸದ್ದು ನೆತ್ತಿಯ ಮೇಲೇ ಕೇಳುತ್ತದೆ, ಹೆಲಿಕಾಪ್ಟರ್ ಕಾಣುವುದಿಲ್ಲ. ಹದ್ದು ಕೂಗುತ್ತದೆ, ಎಲ್ಲಿಂದ ಎಂದು ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ಹಾಲು ತರಲು ಹೋದವಳಿಗೆ ಬೀದಿಯಲ್ಲಿ ಏನೋ ಕಮ್ಮಿಯಾಗಿದೆ ಅನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಿಸಿಲಿತ್ತು, ಆದರೆ ಕರೆಂಟು ಕಂಬಕ್ಕೆ ನೆರಳಿರಲಿಲ್ಲ. ನಿಲ್ಲಿಸಿದ್ದ ಕಾರುಗಳಿಗೆ ಇರಲಿಲ್ಲ, ರಸ್ತೆಯ ನಡುವೆ ಮಲಗಿದ್ದ ನಾಯಿಗೂ ಇರಲಿಲ್ಲ. ನನ್ನ ಕಾಲ ಬಳಿ ನೋಡಿಕೊಂಡೆ, ತೊಳೆದರೂ ಹೋಗದ ಕಲೆಯಂಥದ್ದು ಏನೋ ಒಂದಿಷ್ಟು. ಹಾಲು ತೆಗೆದುಕೊಂಡು ಬೇಗ ಬೇಗ ಮನೆಗೆ ಬಂದುಬಿಟ್ಟೆ.

ಇನ್ನು ಅಸಲು ವಿಷಯ. ಇವರ ಹೃದಯದ ಒಂದು ವಾಲ್ವು ಗಟ್ಟಿಯಾಗಿಹೋಗಿದೆಯಂತೆ. ಯುಗಾದಿಯೊಳಗೆ ಆಪರೇಷನ್ ಮಾಡಿ ಬದಲಿಸಿದರೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಾರೆ, ಬಿಟ್ಟರೆ ನಾವು ಯಾವ ಮಾತೂ ಕೊಡುವುದಿಲ್ಲ ಎಂದು ಡಾಕ್ಟರು ಖಂಡತುಂಡವಾಗಿ ಹೇಳಿದ್ದಾರೆ. ಇವರು ಮೊದಲು ಒಪ್ಪಿದ್ದರು. ಈಗ ಜಪ್ಪಯ್ಯ ಅಂದರೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎನ್ನುತ್ತಿದ್ದಾರೆ. ಕಾರಣ ಕೇಳಿದರೆ ನೀನು ನಗುತ್ತೀಯ. ನಾನೂ ಮೊದಲು ನಕ್ಕೆ.

ಇವರ ಜೊತೆ ವಿಮೆ ಆಫೀಸಿನಲ್ಲಿದ್ದ ಹಂಪಣ್ಣನವರು ನಿನಗೆ ನೆನಪಿರಬೇಕು. ಹಲಸೂರಿನವರು, ಗುರುವಿನ ಮದುವೆಯಲ್ಲಿ ಬಡಿಸಿದಷ್ಟೂ ಹೋಳಿಗೆ ತಿಂದು ನಿನ್ನನ್ನು ಬೆರಗುಗೊಳಿಸಿದವರು. ಅವರಿಗೆ ಯಾರೋ ಸಾಧುಗಳು ಛಾಯಾಪುರುಷನ ಸಾಧನೆ ಹೇಳಿಕೊಟ್ಟಿದ್ದರು. ರಿಟೈರಾದ ಮೇಲೆ ಅವರು ಅದನ್ನು ಇವರಿಗೂ ಹಿಡಿಸಿದರು. ಬೆಳಗಿನ ಬಿಸಿಲಿಗೆ ಬೆನ್ನು ಮಾಡಿ ನಿಂತು, ಮುಂದೆ ಬಿದ್ದ ನಮ್ಮ ನೆರಳಿನ ಕತ್ತನ್ನೇ ರೆಪ್ಪೆ ಹೊಡೆಯದೆ ದಿಟ್ಟಿಸಬೇಕು, ಬಾಯಲ್ಲಿ ಶಿವನಾಮ. ಸ್ವಲ್ಪ ಹೊತ್ತಾದ ಮೇಲೆ ಥಟ್ಟನೆ ತಲೆಯೆತ್ತಿ ಆಕಾಶ ನೋಡಿದರೆ ಅಲ್ಲಿ ನಮ್ಮದೇ ಆಕಾರ ಬೆಳ್ಳಗೆ, ಭಾರಿಯಾಗಿ ನಿಂತಿರುತ್ತದೆ. ಅವನೇ ಛಾಯಾಪುರುಷ. ಮೈಯೆಲ್ಲ ಪೂರ್ತಿ ಕಂಡರೆ ಆಯುಸ್ಸು ಗಟ್ಟಿ. ತಲೆ ಕಾಣದಿದ್ದರೆ ಆರು ತಿಂಗಳು. ಇಬ್ಬರೂ ಮುದುಕರು ವರ್ಷಗಟ್ಟಲೆ ಇದನ್ನು ಮಾಡಿಕೊಂಡು, ತಮ್ಮ ತಮ್ಮ ತಲೆ ಇದೆಯೆಂದು ಫೋನಿನಲ್ಲಿ ಹೇಳಿಕೊಂಡು ಸಂತೋಷವಾಗಿದ್ದರು. ಊರವರ ಆಯುಸ್ಸಿನ ಮೇಲೆ ವಿಮೆ ಮಾಡಿಸಿ ಮಾಡಿಸಿ ಇವರಿಗೆ ಚಟ ಬಿಟ್ಟಿಲ್ಲ ಎಂದು ನಾನು ಛೇಡಿಸುತ್ತಿದ್ದೆ.

ಹೋದ ಶಿವರಾತ್ರಿಯ ಹೊತ್ತಿಗೆ ಹಂಪಣ್ಣನವರು ನಮ್ಮ ಮನೆಗೆ ಬಂದು ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಳ್ಳುವಾಗ, ‘ನಂದು ತಲೆ ಹೋಯ್ತು ಶಿವರುದ್ರಪ್ಪನೋರೇ’ ಎಂದರು. ಬಸ್ಸು ಹೋಯಿತು ಎನ್ನುವಷ್ಟು ಸಲೀಸಾಗಿ. ಶ್ರಾವಣದಲ್ಲಿ ಹೋಗಿಯೇಬಿಟ್ಟರು. ಬೀಡಿ ಸಿಗರೇಟು ಮುಟ್ಟಿದ ಮನುಷ್ಯನಲ್ಲ, ಆದರೂ ಶ್ವಾಸಕೋಶ ಪೂರ್ತಿ ಕೆಟ್ಟಿತ್ತೆಂದು ಡಾಕ್ಟರು ಹೇಳಿದರು. ಅವರ ಮನೆ ಇರುವುದು ಮುಖ್ಯರಸ್ತೆಗೆ ಅಂಟಿಕೊಂಡು, ಬಸ್ಸು ಲಾರಿಗಳ ಹೊಗೆ ನೇರವಾಗಿ ನಡುಮನೆಗೆ. ನಾನು ಆ ಹೊಗೆಯನ್ನು ನೆನೆದೆ. ಇವರು ಶಿವರಾತ್ರಿಯಿಂದ ಶ್ರಾವಣಕ್ಕೆ ಎಷ್ಟಾಯಿತೆಂದು ಬೆರಳು ಮಡಿಚಿದರು.

ಈಗ ಷಷ್ಠಿ ಕಳೆದ ಮೇಲೆ ಒಂದು ಬೆಳಿಗ್ಗೆ ಇವರು ತಾರಸಿಯಿಂದ ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ರೊಟ್ಟಿ ತಟ್ಟುತ್ತಿದ್ದೆ. ಬೇರೆಯವರ ಮನೆಯ ಅಡುಗೆಮನೆ ನೋಡುವ ಹಾಗೆ ನೋಡುತ್ತಿದ್ದರು. ಏನಾಯಿತೆಂದು ಕೇಳಿದೆ.

‘ತಲೆ ಇಲ್ಲ ಕಣೇ. ನಾಕು ದಿನದಿಂದ ನೋಡ್ತಿದೀನಿ, ಇಲ್ಲ. ಆರು ತಿಂಗಳಿಗೋಸ್ಕರ ಎದೆ ಯಾಕೆ ಸೀಳಿಸ್ಕೊಳ್ಲಿ? ಇರೋಷ್ಟು ದಿನ ಮನೇಲಿರ್ತೀನಿ.’

ಕೂಗಾಡಿದೆ, ಕಣ್ಣೀರು ಹಾಕಿದೆ, ಗುರುವಿನ ಕೈಲಿ ಹೇಳಿಸಿದೆ. ಇವರು ಯಾವುದಕ್ಕೂ ಎದುರಾಡುವುದಿಲ್ಲ, ಸುಮ್ಮನೆ ತಲೆ ಆಡಿಸುತ್ತಾರೆ. ಉಪ್ಪು ಹೆಚ್ಚಾದರೆ ತಟ್ಟೆ ದೂಡುತ್ತಿದ್ದ ಮನುಷ್ಯ ಈಗ ಏನು ಬಡಿಸಿದರೂ ಚೆನ್ನಾಗಿದೆ ಎನ್ನುತ್ತಾರೆ. ನನಗೆ ಹೆಚ್ಚು ಹೆದರಿಕೆಯಾಗಿರುವುದು ಅದಕ್ಕೇ. ನಿನ್ನ ಮಾತಿಗೆ ಇವರಲ್ಲಿ ಬೆಲೆಯಿದೆ, ಒಂದು ಕಾಗದ ಬರೆದು ಬುದ್ಧಿ ಹೇಳು. ಮಕ್ಕಳಿಗೆಲ್ಲ ನನ್ನ ಆಶೀರ್ವಾದ ತಿಳಿಸು.

ನಿನ್ನ ತಂಗಿ,
ಸಂಗಮ್ಮ


ಜೀವನ್ ಬಿಮಾ ನಗರ
೨೧ ಜನವರಿ ೨೦೨೬

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದ, ಅದರೊಳಗೆ ಮಡಿಚಿಟ್ಟಿದ್ದ ವಿಭೂತಿ ಎರಡೂ ಕ್ಷೇಮವಾಗಿ ಬಂದವು. ಈ ಸಲವೂ ತಡಮಾಡಿದೆ, ಸಂಕ್ರಾಂತಿಯ ಎಳ್ಳು ಬೀರುವ ಗಡಿಬಿಡಿ ಎಂದುಕೋ. ನಿನ್ನ ಕಾಗದವನ್ನು ಇವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ನಿಮ್ಮಕ್ಕ ಚೆನ್ನಾಗಿ ಬರೀತಾರೆ’ ಎಂದು ಮಡಿಚಿ ನನಗೇ ವಾಪಸು ಕೊಟ್ಟರು. ವಿಭೂತಿ ಮಾತ್ರ ಹಚ್ಚಿಕೊಂಡರು.

ನಾನೊಂದು ಕೆಲಸ ಮಾಡಿದೆ. ಇವರ ಭ್ರಮೆ ಬಿಡಿಸಬೇಕಾದರೆ ನಾನೇ ನೋಡಬೇಕು ಎಂದುಕೊಂಡೆ. ತಾರಸಿಗೆ ಬಿಳಿ ಬಣ್ಣ ಬಳಿಸಿದ್ದೇವೆ, ನೆರಳು ಅದರ ಮೇಲೆ ಬೀಳುತ್ತದೆ. ಇವರು ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು ಹೋಗಿ ನಿಂತೆ. ಇದ್ದಿಲು ಸುಟ್ಟಂಥ, ಪ್ಲಾಸ್ಟಿಕ್ ಸುಟ್ಟಂಥ ವಾಸನೆ ಗಾಳಿಯಲ್ಲಿತ್ತು. ಬಿಸಿಲು ತೆಳ್ಳಗಿತ್ತು. ನನ್ನ ನೆರಳು ಕಾಲಿನ ಹತ್ತಿರ ಕಪ್ಪಗಿದ್ದು, ಮುಂದೆ ಹೋಗುತ್ತ ಹೋಗುತ್ತ ನೀರು ಕುಡಿದ ಮಸಿಯ ಹಾಗೆ ಮಬ್ಬಾಗಿತ್ತು. ಓಂ ನಮಃ ಶಿವಾಯ ಎನ್ನುತ್ತ ಕಣ್ಣು ಉರಿಯುವವರೆಗೆ ನೋಡಿದೆ. ಆಮೇಲೆ ತಲೆ ಎತ್ತಿದೆ.

ಅಕ್ಕ, ಅದು ಎದ್ದು ನಿಂತಿತ್ತು. ಮನೆಗಳ ಮೇಲೆ, ನೀರಿನ ಟ್ಯಾಂಕುಗಳ ಮೇಲೆ, ಬೆಳ್ಳಗೆ. ಸೀರೆಯ ಅಗಲ ಇತ್ತು. ಸೊಂಟದ ಮೇಲಿಟ್ಟ ಕೈ ಇತ್ತು, ಭುಜ ಇತ್ತು. ಕತ್ತಿನ ಮೇಲೆ ಏನೂ ಇರಲಿಲ್ಲ. ಕಣ್ಣು ಮಿಟುಕಿಸಿದೆ, ಹೋಯಿತು, ಮತ್ತೆ ಬಂತು. ನನ್ನ ಕಡೆಗೇ ತಿರುಗಿ ನಿಂತಿದೆ ಅನಿಸಿತು, ಮುಖವಿಲ್ಲದೆ ಹಾಗೆ ಅನಿಸುವುದು ಹೇಗೋ ನನಗೆ ಗೊತ್ತಿಲ್ಲ. ಅಲ್ಲೇ ಕುಸಿದು ಕೂತೆ.

ನಮ್ಮ ತಾರಸಿಗೂ ಪಕ್ಕದ ಮನೆಯ ತಾರಸಿಗೂ ನಡುವೆ ಮೊಣಕಾಲೆತ್ತರದ ಗೋಡೆ ಅಷ್ಟೇ. ಪಕ್ಕದಲ್ಲಿ ಶಂಶುನ್ನೀಸಾ ಬಟ್ಟೆ ಹರವುತ್ತಿದ್ದಳು. ಅವಳ ತೌರುಮನೆ ಪುಲಿಕೇಶಿನಗರದ ಮಸೀದಿ ರೋಡಿನಲ್ಲಿ, ಮಾತು ಜೋರು, ಮನಸ್ಸು ಬೆಣ್ಣೆ. ನಾನು ಕೂತದ್ದು ನೋಡಿ ಗೋಡೆ ದಾಟಿ ಓಡಿಬಂದಳು. ನೀರು ಕುಡಿಸಿದ ಮೇಲೆ ಎಲ್ಲ ಹೇಳಿದೆ. ತನಗೆ ಇಂಥದ್ದೆಲ್ಲ ಆಗಿಬರುವುದಿಲ್ಲ ಎಂದಳು. ಆದರೂ ಕುತೂಹಲ ಯಾರನ್ನು ಬಿಟ್ಟಿದೆ, ನನ್ನ ಸಮಾಧಾನಕ್ಕೆಂದು ದುಪಟ್ಟಾ ಸರಿಮಾಡಿಕೊಂಡು ನಿಂತಳು. ನೆರಳನ್ನು ದಿಟ್ಟಿಸಿದಳು, ಮೇಲೆ ನೋಡಿದಳು.

‘ಸಂಗಮ್ಮಾ, ನಂದೂ ಇಲ್ಲಾರೀ ತಲೆ’ ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರುಮಾಡಿದೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಯಾವಾಗಲೋ ನಗು ನಿಂತಿತು, ಅವಳು ಒದ್ದೆ ಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು ಕೆಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ನನಗೆ ಧೈರ್ಯ ಬಂತು. ಇವರೊಬ್ಬರದ್ದೇ ತಲೆ ಹೋಗಿದ್ದರೆ ವಿಧಿ ಎನ್ನಬಹುದಿತ್ತು. ನನ್ನದು, ಶಂಶುನ್ನೀಸಾಳದು ಎಲ್ಲವೂ ಹೋಗಿದ್ದರೆ ಅದು ಆಕಾಶದ ದೋಷವೇ ಹೊರತು ನಮ್ಮ ಹಣೆಯದಲ್ಲ. ಶಿವಾನಿಯನ್ನು ಕೇಳಿದೆ. ಅವಳು ಮೊದಲು ತಲೆ ಚಚ್ಚಿಕೊಂಡಳು, ಆಮೇಲೆ ಕೂತು ಬಿಡಿಸಿ ಹೇಳಿದಳು. ಗಾಳಿಯಲ್ಲಿ ಹೊಗೆ, ಧೂಳು ಇಷ್ಟು ತುಂಬಿಕೊಂಡರೆ ಸೂರ್ಯನ ಬೆಳಕು ಒಂದೇ ಕಡೆಯಿಂದ ಬೀಳದೆ ಸುತ್ತಲೂ ಹರಡಿಕೊಳ್ಳುತ್ತದಂತೆ. ಆಗ ನೆರಳಿನ ಅಂಚು ಅಳಿಸಿಹೋಗುತ್ತದೆ. ಪಾದದ ನೆರಳು ಪಾದಕ್ಕೆ ಅಂಟಿಕೊಂಡೇ ಬೀಳುವುದರಿಂದ ಉಳಿಯುತ್ತದೆ, ತಲೆಯ ನೆರಳು ತಲೆಯಿಂದ ಬಹಳ ದೂರ ಹೋಗಿ ಬೀಳುವುದರಿಂದ ಅದೇ ಮೊದಲು ಅಳಿಸುತ್ತದೆ. ನೆಲದ ಮೇಲೆ ಇಲ್ಲದ ತಲೆ ಆಕಾಶದಲ್ಲಿ ಎಲ್ಲಿಂದ ಬರಬೇಕು ಎಂದಳು. ಆಕಾಶದಲ್ಲಿ ಕಾಣುವುದು ನಮ್ಮ ಕಣ್ಣಿನಲ್ಲೇ ಉಳಿದ ಗುರುತಂತೆ, ಬಲ್ಬು ನೋಡಿ ಕಣ್ಣು ಮುಚ್ಚಿದರೆ ಉಳಿಯುವುದಿಲ್ಲವೇ ಹಾಗೆ. ‘ಅತ್ತೆ, ಇದನ್ನೆಲ್ಲ ಸೃಷ್ಟಿ ತಲೆಗೆ ಮಾತ್ರ ತುಂಬ್ಬೇಡಿ, ಅವಳನ್ನ ಮೇಲೆ ಕರ್ಕೊಂಡು ಹೋಗ್ಬೇಡಿ’ ಎಂದು ಕೈ ಹಿಡಿದು ಹೇಳಿದಳು. ಆಗಲಿ ಎಂದೆ.

ರಾಜ್ಯ ಗೆದ್ದವಳ ಹಾಗೆ ಇವರ ಹತ್ತಿರ ಹೋಗಿ ಎಲ್ಲ ಹೇಳಿದೆ. ನನ್ನ ತಲೆಯೂ ಇಲ್ಲ, ಪಕ್ಕದ ಮನೆಯವಳ ತಲೆಯೂ ಇಲ್ಲ, ಈಗೇನು ಹೇಳುತ್ತೀರಿ ಎಂದೆ. ಇವರ ಮುಖದಲ್ಲಿ ಸಮಾಧಾನ ಹುಡುಕಿದೆ, ಸಿಗಲಿಲ್ಲ. ನನ್ನ ಮೇಲೆ ಮರುಕ ಇತ್ತು.

‘ನಮ್ಮ ಆಫೀಸಲ್ಲಿ ಒಂದೇ ಊರಿಂದ ಸಾವಿನ ಕ್ಲೇಮು ಮೇಲಿಂದ ಮೇಲೆ ಬಂದ್ರೆ, ಲೆಕ್ಕ ತಪ್ಪಿದೆ ಅಂತಿರ್ಲಿಲ್ಲ ಸಂಗಮ್ಮ’ ಎಂದರು. ‘ಊರು ಕೆಟ್ಟಿದೆ ಅಂತಿದ್ವಿ.’

ಅಕ್ಕ, ನೀನೇ ಹೇಳು, ಇದಕ್ಕೆ ಏನು ಉತ್ತರ ಕೊಡುವುದು? ಹಂಪಣ್ಣನವರನ್ನು ಕೊಂಡೊಯ್ದದ್ದು ಹೊಗೆ ಎಂದು ನಾನೇ ಹೇಳುತ್ತಿದ್ದೆ. ಅವರ ತಲೆ ಅಳಿಸಿದ್ದೂ ಅದೇ ಹೊಗೆ. ಹಾಗಾದರೆ ಛಾಯಾಪುರುಷ ಸುಳ್ಳು ಹೇಳಿದನೇ, ನಿಜ ಹೇಳಿದನೇ? ಈ ಯೋಚನೆ ಹೊಕ್ಕ ಮೇಲೆ ಒಗ್ಗರಣೆ ಸೀದರೂ ನನಗೆ ಗೊತ್ತಾಗುವುದಿಲ್ಲ.

ಈಗ ಇವರಿಗೆ ಹೊಸ ಅಭ್ಯಾಸ ಹತ್ತಿದೆ. ಬೆಳಿಗ್ಗೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಹೋಗುವವರ ನೆರಳು ನೋಡುತ್ತ ಕೂರುತ್ತಾರೆ. ಆಫೀಸಿಗೆ ಹೋಗುವವರು, ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳು, ಸೊಪ್ಪಿನವಳು. ಎಲ್ಲರ ನೆರಳಿಗೂ ಭುಜದಿಂದ ಮೇಲೆ ಮಬ್ಬು. ಎಲ್ಲರನ್ನೂ ಮಾತನಾಡಿಸುತ್ತಾರೆ, ಎಂದೂ ಮಾತನಾಡಿಸದವರನ್ನೂ. ಊಟ ಆಯಿತೇ, ಹುಷಾರಾಗಿ ಹೋಗಿಬನ್ನಿ ಎನ್ನುತ್ತಾರೆ. ಊರಿಗೆ ಹೊರಟವರನ್ನು ಬಸ್‌ಸ್ಟ್ಯಾಂಡಿನಲ್ಲಿ ಬೀಳ್ಕೊಡುವ ದನಿ ಅದು. ನಮ್ಮೆಜಮಾನರು ಬದಲಾಗಿದ್ದಾರೆ, ಎಷ್ಟು ಒಳ್ಳೆಯವರಾಗಿದ್ದಾರೆ ಎಂದು ಬೀದಿಯವರು ನನ್ನ ಹತ್ತಿರ ಹೊಗಳುತ್ತಾರೆ. ನಾನು ಒಳಗೆ ಹೋಗಿ ಅಳುತ್ತೇನೆ.

ಡಾಕ್ಟರು ಇನ್ನೊಮ್ಮೆ ಫೋನ್ ಮಾಡಿದ್ದರು. ಮೆಟ್ಟಿಲು ಹತ್ತುವಾಗ ಇವರಿಗೆ ಈಗ ಎರಡು ಕಡೆ ನಿಲ್ಲಬೇಕಾಗುತ್ತದೆ. ಆದರೂ ತಾರಸಿ ಬಿಡುವುದಿಲ್ಲ. ನೀನು ಪೂಜೆಯಲ್ಲಿ ಇವರ ಹೆಸರು ಹಿಡಿದು ಒಂದು ಬಿಲ್ವಪತ್ರೆ ಏರಿಸು. ಮೊಮ್ಮಕ್ಕಳಿಗೆ ಎಳ್ಳು ಬೆಲ್ಲ ಕಳಿಸಿದ್ದೇನೆ, ನಿನ್ನ ಹಲ್ಲಿಗೆ ಆಗುವ ಹಾಗೆ ಕೊಬ್ಬರಿ ಸಣ್ಣಗೆ ಹೆಚ್ಚಿದ್ದೇನೆ.

ಸಂಗಮ್ಮ


ಜೀವನ್ ಬಿಮಾ ನಗರ
೨೪ ಫೆಬ್ರವರಿ ೨೦೨೬

ಪ್ರೀತಿಯ ಅಕ್ಕ,

ಈ ಸಲ ತಡ ಮಾಡಿಲ್ಲ ನೋಡು. ಮೊದಲು ಸಿಹಿ ಸುದ್ದಿ ಬರೆದುಬಿಡುತ್ತೇನೆ. ಇವರು ಆಪರೇಷನ್ನಿಗೆ ಒಪ್ಪಿದ್ದಾರೆ. ಮುಂದಿನ ಸೋಮವಾರ ಆಸ್ಪತ್ರೆಗೆ ಸೇರಿಸುತ್ತೇವೆ. ಇದನ್ನು ಓದಿ ದೇವರ ಮುಂದೆ ಒಂದು ದೀಪ ಹಚ್ಚಿಟ್ಟು ಬಾ, ಆಮೇಲೆ ಮುಂದಕ್ಕೆ ಓದು.

ಹೇಗಾಯಿತೆಂದರೆ, ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಅಕಾಲದಲ್ಲಿ ಮಳೆ ಬಂತು. ಸಣ್ಣ ಮಳೆಯಲ್ಲ, ಆಲಿಕಲ್ಲು ಸಮೇತ. ಕರೆಂಟು ಹೋಯಿತು, ಬೀದಿಯ ಹೊಂಗೆಮರದ ಕೊಂಬೆ ಮುರಿದು ಯಾರದೋ ಕಾರಿನ ಮೇಲೆ ಬಿತ್ತು. ತಾರಸಿಯ ಕೊಳವೆಯಿಂದ ಮೊದಲು ಬಿದ್ದ ನೀರು ಗಟ್ಟಿ ಡಿಕಾಕ್ಷನ್ನಿನ ಬಣ್ಣದ್ದು. ಅಷ್ಟು ಕೊಳೆ ನಮ್ಮ ತಲೆಯ ಮೇಲೆ ತೂಗಾಡುತ್ತಿತ್ತೇ ಎಂದು ಶಿವಾನಿ ಬಕೆಟ್ಟು ಹಿಡಿದು ಎಲ್ಲರಿಗೂ ತೋರಿಸಿದಳು. ಬಹಳ ಹೊತ್ತು ಸುರಿದ ಮೇಲೆ ನೀರು ತಿಳಿಯಾಯಿತು.

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ನನಗೆ ಬೇರೆ ಊರಿಗೆ ಬಂದ ಹಾಗಾಯಿತು. ಆಕಾಶ ನೀಲಿ. ನಮ್ಮ ಚಿಕ್ಕಂದಿನಲ್ಲಿ ಸೂಳೆಕೆರೆಯ ಏರಿಯ ಮೇಲೆ ನಿಂತಾಗ ಕಾಣುತ್ತಿದ್ದಂಥ ನೀಲಿ. ದೂರದ ಕಟ್ಟಡಗಳ ಕಿಟಕಿಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಬಾಗಿಲ ಮುಂದೆ ರಂಗೋಲಿ ಬಿಡಲು ಬಗ್ಗಿದಾಗ ನನ್ನ ಕೈಯ ನೆರಳು ನೆಲದ ಮೇಲೆ ಸ್ಪಷ್ಟವಾಗಿ ಬಿತ್ತು. ಬಳೆಗಳೂ ಒಂದೊಂದಾಗಿ ಕಾಣುತ್ತಿದ್ದವು. ರಂಗೋಲಿ ಅಲ್ಲೇ ಬಿಟ್ಟು ಒಳಗೆ ಓಡಿದೆ.

ಇವರು ಬರಲು ಒಪ್ಪಲಿಲ್ಲ. ಎಷ್ಟು ಸಲ ನೋಡುವುದು, ಸಾಕು ಎಂದರು. ಅಕ್ಕ, ನಾನು ಇಷ್ಟು ವರ್ಷದ ಸಂಸಾರದಲ್ಲಿ ಇವರ ಕೈ ಹಿಡಿದು ಎಳೆದವಳಲ್ಲ. ಅಂದು ಎಳೆದೆ. ಗುರು ಒಂದು ಕಡೆ ಆಸರೆ ಕೊಟ್ಟ, ನಿಂತು ನಿಂತು ಮೇಲೆ ಹತ್ತಿಸಿದೆವು. ಗಲಾಟೆ ಕೇಳಿ ಶಿವಾನಿ ಕಾಫಿ ಲೋಟ ಹಿಡಿದುಕೊಂಡೇ ಬಂದಳು, ಸೃಷ್ಟಿ ಅವಳ ಹಿಂದೆ. ಆ ಕಡೆ ಗೋಡೆಯ ಹತ್ತಿರ ಶಂಶುನ್ನೀಸಾ ಆಗಲೇ ನೋಡಿಕೊಂಡಾಗಿತ್ತು. ‘ಬಂತೂರೀ, ನಂದು ಬಂತು’ ಎಂದು ತನ್ನ ತಲೆ ಮುಟ್ಟಿ ತೋರಿಸಿದಳು.

ಇವರು ನಿಂತರು. ಬೆನ್ನಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಇವರ ನೆರಳು ಬಿಳಿ ನೆಲದ ಮೇಲೆ ಕತ್ತರಿಸಿ ಅಂಟಿಸಿದ ಹಾಗಿತ್ತು, ಕಿವಿಯ ಹತ್ತಿರ ನಿಂತ ಎರಡು ಕೂದಲು ಸಹ. ಇವರು ತಲೆಯೆತ್ತಿದರು, ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಗಲ್ಲದ ಮೇಲೆ ನೀರಿಳಿಯಿತು.

‘ಕಿವಿ ಕೂಡ ಕಾಣ್ತಿದೆ ಕಣೇ’ ಎಂದರು.

ಗುರು ಚಿಕ್ಕ ಮಗುವಿನ ಹಾಗೆ ಅಪ್ಪನನ್ನು ತಬ್ಬಿಕೊಂಡ. ನಾನೂ ನೋಡಿದೆ. ಇತ್ತು, ತಲೆ, ತುರುಬು ಎಲ್ಲ. ಗುರು ತನ್ನದು ನೋಡಿದ. ನಂಬದ ಶಿವಾನಿಯೂ ನಗುತ್ತ ನೋಡಿ, ತನ್ನ ಕಾಫಿ ಲೋಟ ಕೂಡ ಆಕಾಶದಲ್ಲಿದೆ ಎಂದಳು. ಆಮೇಲೆ ಇಬ್ಬರೂ ಇವರನ್ನು ನಿಧಾನವಾಗಿ ಕೆಳಗಿಳಿಸಿದರು. ಇವರು ತಿಂಡಿಗೆ ಕೂತು ಚಟ್ನಿಗೆ ಉಪ್ಪು ಜಾಸ್ತಿ ಎಂದು ತಟ್ಟೆ ದೂಡಿದರು. ನನಗೆ ಆದ ಸಂತೋಷವನ್ನು ಏನು ಹೇಳಲಿ.

ಮಾರನೆಯ ದಿನದಿಂದಲೇ ಮತ್ತೆ ಮಬ್ಬು ಕವಿಯಿತು, ಈಗ ಬರೆಯುವಾಗಲೂ ಕಿಟಕಿಯಾಚೆ ಅದೇ ಗಂಜಿ ಬಣ್ಣ. ಆದರೆ ಇವರು ಈಗ ಮೇಲೆ ಹೋಗುವುದಿಲ್ಲ, ನೋಡಬೇಕಾದ್ದು ನೋಡಿಯಾಯಿತು ಎನ್ನುತ್ತಾರೆ. ಆಸ್ಪತ್ರೆಗೆ ಒಯ್ಯಲು ಲುಂಗಿ, ಟವೆಲ್ಲು ತಾವೇ ಮಡಿಚಿಟ್ಟುಕೊಂಡಿದ್ದಾರೆ. ಸೋಮವಾರ ಬೆಳಿಗ್ಗೆ ನೀನು ಇವರ ಹೆಸರಿನಲ್ಲಿ ಒಂದು ಅಭಿಷೇಕ ಮಾಡಿಸು. ನಿನ್ನ ಆಶೀರ್ವಾದ ಇದ್ದರೆ ಯುಗಾದಿಯ ಬೇವು ಬೆಲ್ಲ ಇವರ ಕೈಯಿಂದಲೇ ತಿನ್ನುತ್ತೇವೆ. ನಿನ್ನ ಮೊಮ್ಮಕ್ಕಳು ನೂರು ವರ್ಷ ಬಾಳಲಿ, ಎಲ್ಲರಿಗೂ ಒಳ್ಳೆಯ ಗಾಳಿ ಒಳ್ಳೆಯ ನೀರು ಸಿಗಲಿ.

ನಿನ್ನ ತಂಗಿ,
ಸಂಗಮ್ಮ

ತಾ.ಕ.: ಕಾಗದ ಮಡಿಚಿ ಮತ್ತೆ ಬಿಚ್ಚಿದ್ದೇನೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಂದು ಎಲ್ಲರೂ ಇಳಿದು ಹೋದ ಮೇಲೆ ತಾರಸಿಯಲ್ಲಿ ನಾನು, ಸೃಷ್ಟಿ ಇಬ್ಬರೇ ಉಳಿದೆವು. ತನ್ನನ್ನು ಮಾತ್ರ ಯಾರೂ ಕರೆಯಲಿಲ್ಲವೆಂದು ಅವಳು ಮುಖ ಊದಿಸಿಕೊಂಡಿದ್ದಳು. ಶಿವಾನಿಗೆ ಕೊಟ್ಟ ಮಾತು ನನಗೆ ನೆನಪಿತ್ತು. ಆದರೆ ಅಷ್ಟು ಒಳ್ಳೆಯ ದಿನ, ಎಲ್ಲರಿಗೂ ಪೂರ್ತಿ ಕಂಡಿದೆ, ಮಗುವಿಗೆ ಆಸೆ. ಬಾರೇ, ನೀನೂ ನೋಡು ಎಂದು ನಾನೇ ಕರೆದು ನಿಲ್ಲಿಸಿದೆ.

ಅವಳ ನೆರಳು ಮುದ್ದಾಗಿ ಬಿದ್ದಿತ್ತು, ಜಡೆಯ ತುದಿಯ ರಿಬ್ಬನ್ನು ಕೂಡ ಕಾಣುತ್ತಿತ್ತು. ಕತ್ತು ತೋರಿಸಿ, ಮಿಟುಕಿಸಬೇಡ ಎಂದೆ. ಪಾಪ, ಕಣ್ಣಲ್ಲಿ ನೀರು ಬರುವವರೆಗೂ ನೋಡಿದಳು. ಈಗ ಮೇಲೆ ನೋಡು ಎಂದೆ. ನೋಡಿದಳು.

‘ಏನೂ ಇಲ್ಲ ಅಜ್ಜಿ.’

ತಲೆ ಇಲ್ಲವೇ ಎಂದು ಕೇಳಿದೆ.

‘ನಾನೇ ಇಲ್ಲ. ಬರೀ ಆಕಾಶ.’

ಮಿಟುಕಿಸಿದ್ದೀಯ, ಮತ್ತೆ ನೋಡು ಎಂದೆ. ಮತ್ತೆ ನೋಡಿದಳು. ಇನ್ನೊಂದು ಸಲ ನೋಡಿಸಿದೆ. ಈ ಸಲ ನಾನೇ ಮುಂದೆ ಕೂತು ಅವಳ ರೆಪ್ಪೆಯನ್ನು ಕಾದೆ, ಅದು ಅಲುಗಲಿಲ್ಲ. ಅವಳು ತಲೆಯೆತ್ತಿ ಆ ನೀಲಿಯಲ್ಲಿ ಈ ಕಡೆಯಿಂದ ಆ ಕಡೆಗೆ ತನ್ನನ್ನು ಹುಡುಕಿದಳು. ಗಾಳಿ ಅಷ್ಟು ತಿಳಿಯಾಗಿತ್ತು, ಆದರೂ ಪಕ್ಕದಲ್ಲಿ ಕೂತ ನನಗೆ ಅವಳ ಎದೆಯ ಶಿಳ್ಳೆ ಕೇಳುತ್ತಿತ್ತು.

ಮಕ್ಕಳಿಗೆ ಅದು ಕಾಣಿಸುವುದಿಲ್ಲ ಎಂದುಬಿಟ್ಟೆ. ಅವಳು ನಂಬಿದಳು. ‘ದೊಡ್ಡೋಳಾದ್ಮೇಲೆ ಕಾಣ್ಸುತ್ತಾ?’ ಎಂದು ಕೇಳಿದಳು. ಹೂಂ ಎಂದೆ. ಖುಷಿಯಾಗಿ ಕೆಳಗೆ ಓಡಿಹೋದಳು.

ಅಕ್ಕ, ನಾನು ಇದನ್ನೆಲ್ಲ ನಂಬುವವಳಲ್ಲ, ನಿನಗೆ ಗೊತ್ತು. ಕಣ್ಣಿನಲ್ಲಿ ಉಳಿಯುವ ಗುರುತು ಅಷ್ಟೇ ಎಂದು ಶಿವಾನಿ ಹೇಳಿದ್ದನ್ನು ದಿನವೂ ಹೇಳಿಕೊಳ್ಳುತ್ತೇನೆ. ಆದರೆ ಅವಳನ್ನು ಸ್ಕೂಲಿಗೆ ಕಳಿಸುವಾಗ ಹಾಕಿದ ಜಡೆಯನ್ನೇ ಬಿಚ್ಚಿ ಮತ್ತೆ ಹಾಕುತ್ತೇನೆ. ಹಿರಿಯಳು ನೀನು, ಹಳೆಯವರ ಮಾತು ನನಗಿಂತ ಹೆಚ್ಚು ಕೇಳಿದ್ದೀಯ. ಮಕ್ಕಳಿಗೆ ಅದು ಕಾಣಿಸುವುದಿಲ್ಲ, ಅಲ್ಲವೇ? ಹೌದು ಎಂದು ಬರಿ. ಗೊತ್ತಿಲ್ಲದಿದ್ದರೂ, ಸುಳ್ಳಾದರೂ ಸರಿ, ಹೌದು ಎಂದೇ ಬರಿ.